ಪಾದಚಾರಿಗಳಿಗೆ ಕೊಡಬೇಡಿ ಎಂದೆ

ನಮ್ಮ ಮನೆಯ ಎದುರು ಮನೆ ನನ್ನ ವಾರಗಿತ್ತಿಯದು. ಎದುರು ಎಂದರೆ ಸರಿಯಾಗಿ ಎದುರು. ನಮ್ಮ ಬಾಲ್ಕನಿಯಲ್ಲಿ ನಿಂತರೆ ಅವಳು ಯಾವ ಸೀರೆ ಒಣಹಾಕಿದ್ದಾಳೆ, ಅದರ ಫಾಲ್ಸ್ ಎಲ್ಲಿ ಬಿಚ್ಚಿಕೊಂಡಿದೆ ಎಂದು ಹೇಳಬಲ್ಲೆ. ಆ ಮನೆಗೆ ಹೋಗಲು ಕಾರಿನಲ್ಲಿ ಅರ್ಧ ಗಂಟೆ ಬೇಕು.

ಸುಳ್ಳು ಅನ್ನಿಸಿದರೆ ವಿದ್ಯಾರಣ್ಯಪುರದ ಕಡೆ ಬಂದು ನೋಡಿ. ಅಣ್ಣತಮ್ಮಂದಿರು ಎದುರುಬದುರು ಸೈಟು ಹಿಡಿದು ಮನೆ ಕಟ್ಟಿದಾಗ ನಡುವೆ ಇದ್ದದ್ದು ಮಣ್ಣಿನ ರಸ್ತೆ. ಮಕ್ಕಳು ಅಲ್ಲೇ ಕ್ರಿಕೆಟ್ ಆಡುತ್ತಿದ್ದರು, ಎಮ್ಮೆ ಬಂದರೆ ಆಟ ನಿಲ್ಲುತ್ತಿತ್ತು, ಅಷ್ಟೇ. ನಾನು ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿಕೊಂಡು ಆ ಕಡೆ ಹೋಗಿ ಬರುವಷ್ಟರಲ್ಲಿ ಇಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತಿರಲಿಲ್ಲ. ಅಣ್ಣನೂ ಹೋದರು, ತಮ್ಮನೂ ಹೋದರು. ಉಳಿದದ್ದು ಎರಡು ಮನೆ, ಎರಡು ಮುದುಕಿಯರು.

ವಾರಗಿತ್ತಿ ನನಗಿಂತ ದೊಡ್ಡವಳು, ಅದಕ್ಕೆ ಅಕ್ಕ ಅನ್ನುತ್ತೇನೆ. ನೀನು ಅಂತಲೇ ಮಾತಾಡಿಸುತ್ತೇನೆ. ಜಗಳ ಬಂದಾಗ ಮಾತ್ರ 'ನೀವು' ಅನ್ನುತ್ತೇನೆ, ಆಗ ಅವಳಿಗೆ ಗೊತ್ತಾಗುತ್ತದೆ. ಅವಳು ಎಂಟನೇ ಕ್ಲಾಸು ಓದಿದವಳು. ನನ್ನ ಓದು ನಾಲ್ಕಕ್ಕೇ ನಿಂತಿತು. ಈ ನಾಲ್ಕು ಕ್ಲಾಸಿನ ವ್ಯತ್ಯಾಸವನ್ನು ಅವಳು ಇವತ್ತಿಗೂ ಮರೆತಿಲ್ಲ, ನನಗೂ ಮರೆಯಲು ಬಿಟ್ಟಿಲ್ಲ.

ಮದುವೆಯಾಗಿ ಬಂದಂದಿನಿಂದ ನಮ್ಮಿಬ್ಬರಿಗೂ ಮಧ್ಯಾಹ್ನದ ಚೌಕಾಬಾರ ತಪ್ಪಿದ್ದಿಲ್ಲ. ಅವಳ ಪಡಸಾಲೆಯ ಕೆಂಪು ಗಾರೆ ನೆಲದ ಮೇಲೆ ಮೊಳೆಯಿಂದ ಗೀರಿದ ಮನೆಗಳಿವೆ, ಐದಕ್ಕೆ ಐದು. ಅವಳ ಮಗ ಟೈಲ್ಸ್ ಹಾಕಿಸುತ್ತೇನೆ ಎಂದಾಗ ಅಕ್ಕ ಅಷ್ಟು ಜಾಗ ಬಿಟ್ಟು ಸುತ್ತ ಹಾಕಿಸಿಕೋ ಎಂದಳು. ಹಾಗೇ ಹಾಕಿಸಿದ. ಪಾತ್ರೆ ತೊಳೆದು, ಸೆರಗಿಗೆ ಕೈ ಒರೆಸಿಕೊಂಡು ನಾನು ಆ ಕಡೆ ಹೋಗಬೇಕು, ನಾಲ್ಕು ಕವಡೆ ಗರಗರ ಅನ್ನಬೇಕು, ಅವಳು ಮೋಸ ಮಾಡಬೇಕು, ನಾನು ಹಿಡಿಯಬೇಕು. ಅದೇ ನಮ್ಮ ಮಾತು, ಅದೇ ನಮ್ಮ ಔಷಧಿ.

ರಸ್ತೆ ಅಗಲವಾಯಿತು. ಹೆಬ್ಬಾಳದ ಜಾಮ್ ತಪ್ಪಿಸಿಕೊಳ್ಳುವ ಗಾಡಿಗಳೆಲ್ಲ ಈ ಕಡೆ ನುಗ್ಗಿದವು. ನಡುವೆ ಡಿವೈಡರ್ ಬಂತು, ಅದರ ಮೇಲೆ ನನ್ನ ಎದೆಯೆತ್ತರಕ್ಕೆ ಕಬ್ಬಿಣದ ಕಂಬಿ ಬಂತು. ದಾಟಬೇಕಾದರೆ ಸಿಗ್ನಲ್‌ವರೆಗೆ ನಡೆದು, ದಾಟಿ, ಅಷ್ಟೇ ವಾಪಸ್ ನಡೆಯಬೇಕು. ದೂರ ಅಂಥಾದ್ದೇನಿಲ್ಲ. ನಡೆಯಲು ದಾರಿಯಿಲ್ಲ, ಅಷ್ಟೇ. ಫುಟ್‌ಪಾತ್ ಎಂದು ಕರೆಯುವ ಜಾಗದಲ್ಲಿ ಎಲ್ಲರ ಮನೆಯ ಕಾರು ಹತ್ತಿಸುವ ರ‍್ಯಾಂಪು, ಎಲ್ಲರ ಅಂಗಡಿಯ ಸಾಮಾನು. ಉಳಿದದ್ದು ರಸ್ತೆ, ಅಲ್ಲಿ ಬಸ್ಸು.

ವರಮಹಾಲಕ್ಷ್ಮಿ ಹಬ್ಬದ ದಿನ ಅಕ್ಕನ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಲೇಬೇಕಿತ್ತು. ನನ್ನ ಮಗ, "ಕಾರಲ್ಲಿ ಬಿಡ್ತೀನಿ ಬಾಮ್ಮ" ಎಂದ. ರೇಷ್ಮೆ ಸೀರೆ ಉಟ್ಟು ಕೂತೆ. ಕಾರು ಎಡಕ್ಕೆ ಹೋಯಿತು, ಯೂ ಟರ್ನ್ ಹುಡುಕಿಕೊಂಡು ಹೋಯಿತು, ಹೋಗುತ್ತಲೇ ಇತ್ತು. ಪುಟ್ಟೇನಹಳ್ಳಿ ಕೆರೆಗೆ ಕರಕೊಂಡು ಹೋಗ್ತಿದ್ದೀಯೇನೋ ಅಂತ ಕೇಳಿದೆ. ಯೂ ಟರ್ನ್ ಹತ್ತಿರ ಜಾಮ್. ಅಕ್ಕನ ಮನೆ ಮುಟ್ಟಿದಾಗ ಆರತಿ ಮುಗಿದು, ಬಂದವರು ಕೋಸಂಬರಿ ತಿಂದು ಎದ್ದಿದ್ದರು. ಅಕ್ಕ ಬಾಗಿಲಲ್ಲೇ ಅಂದಳು: "ನೀನು ಮನೆ ಬಿಟ್ಟಿದ್ದನ್ನ ಇಲ್ಲಿಂದ್ಲೇ ನೋಡ್ದೆ ಕಣೇ. ಎಲ್ಲಿಗೆ ಹೊರಟ್ಲಪ್ಪ ಇವಳು, ಇಷ್ಟ್ ಜರ್ಬಾಗಿ, ಅಂದ್ಕೊಂಡೆ."

ಅದಾದ ಮೇಲೆ ಚೌಕಾಬಾರ ನಿಂತೇಹೋಯಿತು. ದಿನಾ ಮಧ್ಯಾಹ್ನ ಕಾರಲ್ಲಿ ಬಿಡಲು ಮಗನಿಗೇನು ಬೇರೆ ಕೆಲಸವಿಲ್ಲವೆ? ಅಕ್ಕನಿಗೆ ಮಂಡಿ ನೋವು, ಅವಳು ಬರುವಂತಿಲ್ಲ. ಫೋನಿನಲ್ಲಿ ಮಾತಾಡುತ್ತಿದ್ದೆವು, ಆ ಬಾಲ್ಕನಿಯಲ್ಲಿ ಅವಳು, ಈ ಬಾಲ್ಕನಿಯಲ್ಲಿ ನಾನು. ಕೈ ಆಡಿಸುವುದು ಕಣ್ಣಿಗೆ ಕಾಣುತ್ತಿತ್ತು, ಮಾತು ಫೋನಿನಲ್ಲಿ ಬರುತ್ತಿತ್ತು. ಒಂದೇ ಹಾರ್ನ್ ಎರಡು ಸಲ ಕೇಳುತ್ತಿತ್ತು, ಮೊದಲು ಈ ಕಿವಿಗೆ, ಆಮೇಲೆ ಫೋನಿನ ಕಿವಿಗೆ. ಎಷ್ಟು ದಿನ ಹಾಗೆ ಕೂಗಾಡಲಿಕ್ಕಾಗುತ್ತದೆ? ಅಕ್ಕ ಮಧ್ಯಾಹ್ನ ಮಲಗಲು ಶುರುಮಾಡಿದಳು. ಜಗಳಕ್ಕೆ ಜನವಿಲ್ಲದೆ ಅವಳ ಬಾಯಿ ತುಕ್ಕು ಹಿಡಿಯುತ್ತಿತ್ತು, ನನ್ನದೂ ಹಿಡಿಯುತ್ತಿತ್ತು.

ಹೀಗಿರುವಾಗ ಒಂದು ಶನಿವಾರ ವಾರ್ಡ್ ಸಭೆ ಇದೆ ಎಂದು ಮಗ ಹೊರಟ. ಸಭೆ ನಡೆಯುವ ಸಮುದಾಯ ಭವನ ಅಕ್ಕನ ಮನೆಯ ಸಾಲಿನಲ್ಲಿದೆ. "ನಾನೂ ಬರ್ತೀನಿ" ಎಂದೆ.

"ನೀನ್ಯಾಕಮ್ಮ? ಅದು ರಸ್ತೆ ದುಡ್ಡಿನ ವಿಷ್ಯ."

"ನಾನೂ ಆ ರಸ್ತೇಲೇ ಇರೋದು ಕಣೋ."

ನನಗೆ ಸಭೆ ಬೇಕಿರಲಿಲ್ಲ, ಸವಾರಿ ಬೇಕಿತ್ತು. ಅಕ್ಕನಿಗೆ ಫೋನು ಹಾಕಿ, ಮೆತ್ತಗೆ ಭವನದವರೆಗೆ ಬಾ ಎಂದೆ. ಅವಳ ಮನೆಯಿಂದ ಅದು ಮೂರನೇ ಕಟ್ಟಡ. ಕವಡೆಗಳನ್ನು ಪರ್ಸಿಗೆ ಹಾಕಿಕೊಂಡೆ.

ಭವನದಲ್ಲಿ ಹಿಂದಿನ ಸಾಲು ಹಿಡಿದೆವು. ಬಾಗಿಲಲ್ಲಿ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟಿದ್ದರು. ಒಂದು ಕಡೆ ಅಚ್ಚು, ಇನ್ನೊಂದು ಕಡೆ ಖಾಲಿ. ಅಕ್ಕ ಖಾಲಿ ಕಡೆ ಪೆನ್ನಿನಲ್ಲಿ ಮನೆ ಗೀರಿದಳು. ನನ್ನ ಕಾಯಿಗಳು ಹುಣಿಸೆ ಬೀಜ, ಮನೆಯಿಂದಲೇ ತಂದಿದ್ದೆ. ಅವಳು ಮರೆತು ಬಂದಿದ್ದಳು, ಬ್ಯಾಗು ತಡಕಾಡಿ ಬಿಪಿ ಮಾತ್ರೆ ಇಟ್ಟಳು, ನಾಲ್ಕು. ನಡುವಿನ ಖಾಲಿ ಕುರ್ಚಿಯ ಮೇಲೆ ಆಟ ಹೂಡಿದೆವು. ಕವಡೆ ಸದ್ದು ಮಾಡದಿರಲಿ ಎಂದು ನನ್ನ ಕರವಸ್ತ್ರ ಹಾಸಿದೆ.

ಮುಂದೆ ಸಭೆ ನಡೆಯುತ್ತಿತ್ತು. ಪಾಲಿಕೆಯ ಇಂಜಿನಿಯರಮ್ಮ, ನನ್ನ ಸೊಸೆಯ ವಯಸ್ಸಿನವಳು, ಪರದೆಯ ಮೇಲೆ ಚಿತ್ರ ತೋರಿಸುತ್ತಿದ್ದಳು. ಈ ವರ್ಷ ವಾರ್ಡಿಗೆ ಬಂದ ದುಡ್ಡು ಎರಡರಲ್ಲಿ ಒಂದಕ್ಕೇ ಸಾಕಾಗುವುದಂತೆ. ಒಂದು, ರಸ್ತೆಗೆ ಮತ್ತೊಂದು ಪದರ ಟಾರು ಹಾಕಿ, ಪಕ್ಕದಲ್ಲಿ ಪಾರ್ಕಿಂಗ್ ಮಾಡುವುದು. ಇನ್ನೊಂದರ ಹೆಸರು 'ಪಾದಚಾರಿ ಮತ್ತು ಸೈಕಲ್ ಸ್ನೇಹಿ ರಸ್ತೆ ಯೋಜನೆ'. ಸೈಕಲ್ ಎಂದರೆ ನನಗೆ ಗೊತ್ತು. ನಮ್ಮ ಮಹಡಿಯ ಬಾಡಿಗೆಯವರು ವಿಜಯಪುರದ ಕಡೆಯವರು, ಮತ್ತಿಕೆರೆಯ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ. ಸಕ್ಕರೆ ಕಾಯಿಲೆ ಬಂದ ಮೇಲೆ ಸೈಕಲ್ಲಿನಲ್ಲೇ ಹೋಗಿ ಬರುತ್ತಾರೆ. ಅವರೂ ಮುಂದಿನ ಸಾಲಿನಲ್ಲಿ ಹೆಲ್ಮೆಟ್ಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಹಾರ್ಡ್‌ವೇರ್ ಅಂಗಡಿಯವರು ಎದ್ದರು. ಅವರ ಪೈಪು, ಸಿಮೆಂಟು ಮೂಟೆ, ನೀರಿನ ಟ್ಯಾಂಕು ಎಲ್ಲ ಅರ್ಧ ಅಂಗಡಿಯೊಳಗೆ, ಅರ್ಧ ಊರಿನ ಜಾಗದಲ್ಲಿ. "ಮೇಡಂ, ಗಿರಾಕಿ ಗಾಡಿ ನಿಲ್ಸಕ್ಕೆ ಜಾಗ ಇಲ್ಲ, ಲೋಡ್ ಇಳ್ಸಕ್ಕೆ ಜಾಗ ಇಲ್ಲ. ನೀವು ಸೈಕಲ್‌ಗೆ ದಾರಿ ಮಾಡ್ತೀನಿ ಅಂತೀರಾ. ಇಲ್ಲಿ ಸೈಕಲ್ ಓಡ್ಸೋರು ಯಾರಿದಾರೆ?"

"ನಾ ಅದೀನ್ರೀ" ಎಂದರು ಬಾಡಿಗೆಯವರು.

"ನೀವೊಬ್ರೇ ಅಲ್ವಾ ಸಾರ್!"

"ಒಬ್ಬನ ಉಳದೀನ್ರೀ. ಅದಕ್ಕ ಕೇಳಾಕತ್ತೀನಿ."

ಜನ ನಕ್ಕರು. ನಾನು ನಗಲಿಲ್ಲ, ನನ್ನ ಕಣ್ಣು ಹಾಳೆಯ ಮೇಲಿತ್ತು. ಅಕ್ಕನ ಒಂದು ಮಾತ್ರೆ ನನ್ನ ಬೀಜಕ್ಕೆ ಮೂರು ಮನೆ ಮುಂದೆ ಸಿಕ್ಕಿಬಿದ್ದಿತ್ತು. ಮೂರು ಬಿದ್ದರೆ ಅದನ್ನು ಹೊಡೆದು ಒಳಸುತ್ತಿಗೆ ಹೋಗುತ್ತಿದ್ದೆ. ಕೈಯಲ್ಲಿ ಕವಡೆ ಹಿಡಿದುಕೊಂಡೆ.

ಆಗ ಇಂಜಿನಿಯರಮ್ಮ ಕೇಳಿದಳು: "ಪಾದಚಾರಿಗಳು ಯಾರಾದ್ರೂ ಇದ್ದೀರಾ? ಅವರ ಅಭಿಪ್ರಾಯ ಹೇಳಬಹುದು."

ಯಾರೂ ಏಳಲಿಲ್ಲ.

"ಯಾರೇ ಅಕ್ಕ ಅದು, ಪಾದಚಾರಿ?" ಎಂದು ಪಿಸುಗುಟ್ಟಿದೆ.

"ಅಷ್ಟೂ ಗೊತ್ತಿಲ್ವಾ? ತಿರುಪತಿಗೆ ನಡ್ಕೊಂಡು ಹೋಗ್ತಾರಲ್ಲ, ಹಳದಿ ಬಟ್ಟೆ ಹಾಕ್ಕೊಂಡು, ಗೋವಿಂದ ಗೋವಿಂದ ಅಂತ. ಪಾದಯಾತ್ರೆ ಮಾಡೋರು ಪಾದಚಾರಿ. ನಾಲ್ಕನೇ ಕ್ಲಾಸಿಗೆ ಬಿಟ್ರೆ ಇಂಗೇ."

"ಅವರಿಗೋಸ್ಕರ ರಸ್ತೆ ಮಾಡ್ತಾರಾ? ವರ್ಷಕ್ಕೊಂದ್ಸಲ ಹೋಗೋರಿಗೆ?"

"ಅಲ್ವಾ ಮತ್ತೆ? ನಿಂಗೆ ಬಾಯಿ ಇದೆಯಲ್ಲ, ಎದ್ದು ಹೇಳು. ಏಳೇ!"

ನನ್ನ ಮೊಣಕೈ ಹಿಡಿದು ಎಬ್ಬಿಸಿದಳು. ಎದ್ದೆ. ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

"ನೋಡಮ್ಮ," ಎಂದೆ. "ಪಾದಚಾರಿಗಳಿಗೆ ದುಡ್ಡು ಕೊಡ್ಬೇಡಿ. ಅವರು ಯಾವಾಗ್ಲೋ ಬರ್ತಾರೆ, ಹೋಗ್ತಾರೆ. ದೇವರ ಹೆಸ್ರಲ್ಲಿ ಹೊರಟೋರು ಮುಳ್ಳಾದ್ರೂ ನಡೀತಾರೆ, ಕಲ್ಲಾದ್ರೂ ನಡೀತಾರೆ. ಅವರಿಗೆ ಮಜ್ಜಿಗೆ ಕೊಟ್ರೆ ಸಾಕು. ಇಲ್ಲಿರೋರ ಕಷ್ಟ ನೋಡಿ ಮೊದ್ಲು."

ಹಾರ್ಡ್‌ವೇರ್ ಅಂಗಡಿಯವರು ಚಪ್ಪಾಳೆ ತಟ್ಟಿದರು. "ಕೇಳಿ ಮೇಡಂ! ಹಿರಿಯರೇ ಬೇಡ ಅಂತಿದಾರೆ! ಮಜ್ಜಿಗೆ ಸಾಕಂತೆ!" ನನ್ನ ಮಗನೂ ಖುಷಿಯಿಂದ ಹಿಂದೆ ತಿರುಗಿ ನೋಡಿದ. ನನ್ನ ಮಾತಿಗೆ ಅವನು ಅಷ್ಟು ಖುಷಿಪಟ್ಟದ್ದು ಅದೇ ಮೊದಲು. ಅಧ್ಯಕ್ಷರ ಕುರ್ಚಿಯಲ್ಲಿದ್ದ ಸಾಹೇಬರು ಫೋನಿನಿಂದ ತಲೆ ಎತ್ತಿ, "ಸಾರ್ವಜನಿಕರ ವಿರೋಧ ಇದೆ, ಮುಂದಿನ ತಿಂಗಳು ನೋಡೋಣ" ಎಂದರು. ಇಂಜಿನಿಯರಮ್ಮನ ಮುಖ ಸಣ್ಣದಾಯಿತು. ಬಾಡಿಗೆಯವರು ಹೆಲ್ಮೆಟ್ಟು ತಿರುಗಿಸುತ್ತಾ ನನ್ನನ್ನೇ ನೋಡುತ್ತಿದ್ದರು, ಊಟದ ಎಲೆಯಲ್ಲಿ ಕಲ್ಲು ಸಿಕ್ಕವರ ಹಾಗೆ.

ಕೂತು ನೋಡುತ್ತೇನೆ, ಅಕ್ಕ ಹಾಳೆ ಮಡಿಸಿ ಬ್ಯಾಗಿಗೆ ಹಾಕಿಕೊಂಡಿದ್ದಾಳೆ. "ಸಭೆ ಮುಗೀತಲ್ಲ" ಎಂದಳು.

ಸಂಜೆ ನಾನು ಗೇಟಿನ ಹೊರಗೆ ನನ್ನ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ನಮ್ಮ ರ‍್ಯಾಂಪಿನ ಪಕ್ಕಕ್ಕೆ ಅದನ್ನು ಹಾಕಿಸಿದವರು ನನ್ನ ಯಜಮಾನರು. ಅಲ್ಲಿ ಕೂತರೆ ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು, ಎಲ್ಲ ಗೊತ್ತಾಗುತ್ತದೆ. ಬಾಡಿಗೆಯವರು ಸೈಕಲ್ ಒರಗಿಸಿ ನನ್ನ ಮುಂದೆ ನಿಂತರು.

"ಅಮ್ಮಾರ, ಒಂದ್ ಮಾತ್ ಕೇಳ್ಲೇನ್ರೀ? ನೀವ ಯಾಕ ಬ್ಯಾಡ ಅಂದ್ರಿ?"

"ತಿರುಪತಿ ಯಾತ್ರಿಕರಿಗೆ ಯಾಕಪ್ಪ ಇಲ್ಲಿ ರಸ್ತೆ?"

"ತಿರುಪತಿ ಎಲ್ಲಿಂದ ಬಂತ್ರೀ ಇದ್ರಾಗ?"

"ಪಾದಚಾರಿ ಅಂದ್ರೆ ಅವರೇ ಅಲ್ವಾ?"

"ಅಯ್ಯ ಶಿವನ! ಪಾದಚಾರಿ ಅಂದ್ರ ನಡಕೊಂಡ ಹೋಗಾವ್ರು. ಯಾರ ಆದ್ರೂ. ನೀವ ರೀ ಪಾದಚಾರಿ. ನಿಮ್ಮಕ್ಕಾವ್ರ ಮನಿಗೆ ಹೋಗಾಕ ದಾರಿ, ರಸ್ತಾ ನಡುವ ದಾಟಾಕ ಜಾಗ, ಅದನ್ನ ಮಾಡ್ತೀವಿ ಅಂದಿದ್ರು. ನೀವ ಎದ್ದು ಬ್ಯಾಡ ಅಂದ್ರಿ. ಮ್ಯಾಲ ಮಜ್ಜಿಗಿ ಕೊಡ್ರಿ ಅಂದ್ರಿ."

ಅರವತ್ತು ವರ್ಷಕ್ಕೂ ಮೇಲೆ ನಡೆದಿದ್ದೇನೆ. ಹಾಲಿಗೆ ನಡೆದೆ, ರೇಷನ್ನಿಗೆ ನಡೆದೆ, ಹೊಟ್ಟೆಯಲ್ಲಿ ಮಗುವನ್ನಿಟ್ಟುಕೊಂಡು ಯಶವಂತಪುರದ ಮಾರ್ಕೆಟ್ಟಿಗೂ ನಡೆದೆ. ಇದಕ್ಕೆ ಒಂದು ಹೆಸರಿದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಹೇಳುವುದಾದರೆ ನಡೆಯೋರು ಅಂತ ಹೇಳಬಾರದಾ? ಸರ್ಕಾರದವರಿಗೆ ನಡೆಯೋದು ಅನ್ನಲು ನಾಚಿಕೆಯಾ?

ಫೋನು ಎತ್ತಿ ಬಾಲ್ಕನಿಗೆ ಹೋದೆ. ಆ ಕಡೆ ಅಕ್ಕನೂ ಬಂದಳು.

"ನೀವು ಎಂಟನೇ ಕ್ಲಾಸು ಎಲ್ಲಿ ಓದಿದ್ರಿ?" ಎಂದೆ.

'ನೀವು' ಕೇಳಿಯೇ ಅವಳು ಒಂದು ಹೆಜ್ಜೆ ಹಿಂದೆ ಸರಿದದ್ದು ಇಲ್ಲಿಂದ ಕಂಡಿತು. ವಿಷಯ ಹೇಳಿದೆ. ಹಾರ್ನ್ ಮಾತ್ರ ಎರಡೆರಡು ಸಲ ಕೇಳಿತು.

"ನಾನು ಹೇಳಿದ್ದು ನಿಂಗೆ. ಎದ್ದು ಅಷ್ಟು ಜನದ ಮುಂದೆ ಹೇಳಿದ್ದು ನೀನು" ಎಂದಳು ಕೊನೆಗೆ.

"ಎಬ್ಬಿಸಿದ್ದು ಯಾರು? ನನಗೀಗ ಗೊತ್ತಾಯ್ತು. ನಿಮ್ಮ ಕಾಯಿ ಸಾಯ್ತಿತ್ತು, ಅದಕ್ಕೆ ಎಬ್ಬಿಸಿದ್ರಿ."

"ಯಾವ ಕಾಯಿ?"

"ಮೂರು ಮನೆ ಮುಂದಿತ್ತಲ್ಲ, ಆ ಮಾತ್ರೆ."

"ಅದನ್ನ ಊಟ ಆದ್ಮೇಲೆ ನುಂಗ್ಬಿಟ್ಟೆ ಕಣೇ" ಎಂದು ಫೋನ್ ಇಟ್ಟಳು. ಬಾಲ್ಕನಿಯಿಂದ ಒಳಗೆ ಹೋಗುವಾಗ ಅವಳ ಭುಜ ಅಲುಗುತ್ತಿತ್ತು. ನಗುತ್ತಿದ್ದಳು.

ಮುಂದಿನ ತಿಂಗಳ ಸಭೆಗೆ ಮಗ ನನ್ನನ್ನು ಕರೆಯಲಿಲ್ಲ. ನನ್ನ ಮನಸ್ಸು ಬದಲಾದದ್ದು ಅವನಿಗೆ ತಿಳಿದಿತ್ತು. "ಫುಟ್‌ಪಾತ್ ಆದ್ರೆ ನಮ್ ಗಾಡಿ ಒಳಗೆ ಹೋಗೋದು ಕಷ್ಟ ಆಗುತ್ತಮ್ಮ, ನಿಂಗರ್ಥ ಆಗಲ್ಲ" ಎಂದು ಹೇಳಿ ಕಾರು ತೆಗೆದ. ಸರಿ, ನಡೆದೇ ಹೋಗೋಣ ಎಂದು ಹೊರಟೆ. ಬಾಡಿಗೆಯವರು ಸೈಕಲ್ ತಳ್ಳಿಕೊಂಡು ಜೊತೆಗೆ ಬಂದರು.

ಪಕ್ಕದ ಮನೆಯ ರ‍್ಯಾಂಪು ಹತ್ತಿದೆ, ಇಳಿದೆ. ಅದರ ಪಕ್ಕದ್ದು ಹತ್ತಿದೆ, ಇಳಿದೆ. ಬೆಟ್ಟಕ್ಕೆ ಹೋದರೂ ಇಷ್ಟು ಹತ್ತಿ ಇಳಿಯಬೇಕಿಲ್ಲ, ಮೇಲೊಬ್ಬ ದೇವರಾದರೂ ಸಿಗುತ್ತಾನೆ. ಆಮೇಲೆ ನಿಂತ ಸ್ಕೂಟರುಗಳ ಸಾಲು, ಎಳನೀರಿನ ಗಾಡಿ, ಬೇಲಿ ಹಾಕಿದ ಟ್ರಾನ್ಸ್‌ಫಾರ್ಮರ್. ಅಲ್ಲೆಲ್ಲ ರಸ್ತೆಗಿಳಿಯಬೇಕು. ಇಳಿದರೆ ಹಿಂದಿನಿಂದ ಬಸ್ಸಿನ ಹಾರ್ನ್, ನಾನೇ ಅದರ ಜಾಗಕ್ಕೆ ಬಂದ ಹಾಗೆ. ಹಾರ್ಡ್‌ವೇರ್ ಅಂಗಡಿಯ ಮುಂದೆ ಒಡೆದ ಚಪ್ಪಡಿ. ನನ್ನ ಕಾಲು ಅದರ ಸಂದಿಗೆ ಇಳಿಯಿತು, ಚರಂಡಿಯ ಕೆಸರು ಸೀರೆಗೆ ಮೊಣಕಾಲುದ್ದಕ್ಕೆ ಹತ್ತಿತು. ಬಾಡಿಗೆಯವರು ಗಾಬರಿಯಾಗಿ ಸೈಕಲ್ ಬಿಟ್ಟು ನನ್ನ ಕೈ ಹಿಡಿದರು, ಸೈಕಲ್ ಸಿಮೆಂಟು ಮೂಟೆಯ ಮೇಲೆ ಬಿತ್ತು. "ವಾಪಸ್ ಹೋಗೂಣ್ರೀ ಅಮ್ಮಾರ" ಎಂದರು. ವಾಪಸ್ ಹೋದರೂ ಅಷ್ಟೇ ರ‍್ಯಾಂಪು. ಮುಂದೆ ಹೋದೆ.

ಭವನಕ್ಕೆ ಮುಟ್ಟಿದಾಗ ಮಾತು ಜೋರಾಗಿತ್ತು. ಅಕ್ಕ ಹಿಂದಿನ ಸಾಲಿನಲ್ಲಿ ನನಗೊಂದು ಕುರ್ಚಿ ಹಿಡಿದಿದ್ದಳು. ನನ್ನ ಸೀರೆ ನೋಡಿ, "ಅಯ್ಯೋ ಏನೇ ಇದು ಅವತಾರ" ಎಂದಳು. ನಾನು ಕೂರದೆ ನೇರ ಮುಂದೆ ಹೋದೆ.

"ನಾನು ಮಾತಾಡ್ಬೇಕು."

ಹಾರ್ಡ್‌ವೇರ್ ಅಂಗಡಿಯವರು ನಕ್ಕರು. "ಮಜ್ಜಿಗೆ ಅಜ್ಜಿ ಬಂದ್ರು! ಹೇಳಿ ಅಜ್ಜಿ, ಬೇಡ ಅಂತ ಇನ್ನೊಂದ್ಸಲ ಹೇಳಿ."

"ಬೇಕು" ಎಂದೆ.

"ಇದೇನಜ್ಜಿ! ಹೋದ್ಸಲ ಬೇಡ ಅಂದ್ರಿ, ಈಗ ಬೇಕು ಅಂತೀರಾ. ಒಂದ್ ಮಾತಲ್ಲಿ ನಿಲ್ಲಿ."

"ಹೋದ್ಸಲ ನಾನೇ ಪಾದಚಾರಿ ಅಂತ ಗೊತ್ತಿರ್ಲಿಲ್ಲ ಕಣಪ್ಪ. ಗೊತ್ತಿದ್ದಿದ್ರೆ ಯಾಕೆ ಬೇಡ ಅಂತಿದ್ದೆ? ಇಲ್ಲೆಷ್ಟು ಜನಕ್ಕೆ ಗೊತ್ತಿತ್ತು ಹೇಳು. ಅವತ್ತು ಅವಳು ಕೇಳ್ದಾಗ ಒಬ್ರೂ ಎದ್ದಿಲ್ಲ. ನೀನೂ ಬೆಳಿಗ್ಗೆ ಟೀಗೆ ನಡ್ಕೊಂಡೇ ಹೋಗ್ತೀಯ, ನಾನು ಬೆಂಚಿನ ಮೇಲೆ ಕೂತು ನೋಡ್ತೀನಿ."

ಸೀರೆಯ ಕೆಸರು ತೋರಿಸಿದೆ. "ಇದು ನಿನ್ನಂಗಡಿ ಮುಂದೆ ಆಗಿದ್ದು. ಎದುರು ಮನೇಲಿ ನಮ್ಮಕ್ಕ ಇದಾಳೆ. ಚೌಕಾಬಾರ ಆಡಕ್ಕೆ ಹೋಗ್ಬೇಕು. ಅದೇನು ದೊಡ್ಡ ಕೆಲ್ಸ ಅಂತ ನಗಬೇಡಿ, ನಂಗೆ ಅದೇ ಕೆಲ್ಸ. ಚೌಕಾಬಾರದಲ್ಲಿ ಕಟ್ಟೆ ಮನೆ ಅಂತಿರುತ್ತೆ, ಅಡ್ಡಗೀಟು ಹಾಕಿರ್ತಾರೆ. ಅಲ್ಲಿ ನಿಂತ ಕಾಯಿನ ಯಾರೂ ಹೊಡೆಯಂಗಿಲ್ಲ. ರಸ್ತೆ ಮಧ್ಯ ನಂಗೆ ಅಂಥದ್ದೊಂದು ಕಟ್ಟೆ ಮನೆ ಮಾಡ್ಕೊಡಿ. ಅರ್ಧ ದಾಟಿ ನಿಂತ್ಕೋತೀನಿ, ಆಮೇಲೆ ಇನ್ನರ್ಧ ದಾಟ್ತೀನಿ."

ಇಂಜಿನಿಯರಮ್ಮ ತಟ್ಟನೆ ಪರದೆಯಲ್ಲಿ ಚಿತ್ರ ಹಾಕಿದಳು. ಡಿವೈಡರ್ ನಡುವೆ ಒಂದಷ್ಟು ಜಾಗ ಬಿಟ್ಟು, ಎತ್ತರ ಮಾಡಿದ ದಾಟು. "ಇದೇ ಅಜ್ಜಿ, ನೀವು ಹೇಳಿದ್ದು" ಎಂದಳು. ಅದೇ ಚಿತ್ರ ಹೋದ ಸಲವೂ ಹಾಕಿದ್ದಳಂತೆ. ನಾನು ಮಾತ್ರೆ ಹೊಡೆಯುವ ಆತುರದಲ್ಲಿದ್ದೆ, ನೋಡಿರಲಿಲ್ಲ.

ಅಂಗಡಿಯವರು ಸೋಲಲಿಲ್ಲ. "ಸರಿ ಅಜ್ಜಿ, ನನ್ ಪೈಪು ತೆಗೀತೀನಿ. ನಿಮ್ಮನೆ ರ‍್ಯಾಂಪು? ಅದೂ ಫುಟ್‌ಪಾತ್ ಮೇಲೇ ಇರೋದು. ನಿಮ್ ಕಲ್ಲುಬೆಂಚು? ಅದೇನ್ ನಿಮ್ ಸೈಟಲ್ಲಿದ್ಯಾ?"

ನನಗೆ ಇದು ಹೊಳೆದೇ ಇರಲಿಲ್ಲ. ರ‍್ಯಾಂಪು ಎಂದರೆ ನಮ್ಮ ಮನೆಯ ನಾಲಿಗೆ ಇದ್ದ ಹಾಗೆ, ಅದೂ ಮನೆಯದ್ದೇ ಎಂದುಕೊಂಡಿದ್ದೆ. ಮಗನ ಕಡೆ ನೋಡಿದೆ. ಅವನು ತಲೆ ಅಲ್ಲಾಡಿಸಿ, ಹೇಳಬೇಡ ಎಂದು ಸನ್ನೆ ಮಾಡಿದ. ಬೆಂಚು ನೆನಪಾಯಿತು. ಅದರ ಮೇಲೆ ಕೂತು ಎಷ್ಟು ಮದುವೆ ಕುದುರಿಸಿದ್ದೇನೆ, ಎಷ್ಟು ಮುರಿದಿದ್ದೇನೆ. ಅತ್ತ ಅಕ್ಕ ಹಿಂದಿನ ಸಾಲಿನಿಂದ ಕತ್ತು ಚಾಚಿ ನನ್ನನ್ನೇ ನೋಡುತ್ತಿದ್ದಳು, ಈ ಸಲ ಏನೂ ಹೇಳಿಕೊಡದೆ.

"ಒಡೀರಿ" ಎಂದೆ. "ರ‍್ಯಾಂಪೂ ಒಡೀರಿ, ಬೆಂಚೂ ಎತ್ತಿ. ಆದ್ರೆ ನಮ್ದೊಂದೇ ಒಡೆದ್ರೆ ಸುಮ್ನಿರಲ್ಲ. ಸಾಲಾಗಿ ಎಲ್ರದ್ದೂ ಒಡೀಬೇಕು."

ಮಗ, "ಅಮ್ಮಾ!" ಎಂದ.

ಸಾಹೇಬರು ಕೈ ಎತ್ತಿಸಿ ನೋಡೋಣ ಎಂದರು. ಇಂಜಿನಿಯರಮ್ಮ ಈ ಸಲ ಬುದ್ಧಿವಂತಳಾಗಿದ್ದಳು. ಪಾದಚಾರಿ ಎನ್ನಲಿಲ್ಲ. "ಹಾಲಿಗೆ, ತರಕಾರಿಗೆ, ಬಸ್‌ಸ್ಟಾಪಿಗೆ, ದೇವಸ್ಥಾನಕ್ಕೆ ನಡ್ಕೊಂಡು ಹೋಗೋರೆಲ್ಲ ಕೈ ಎತ್ತಿ" ಎಂದಳು. ಹೆಂಗಸರ ಕೈ ಮೊದಲು ಎದ್ದವು, ಬಳೆ ಸದ್ದಿನೊಂದಿಗೆ. ಆಮೇಲೆ ಮುದುಕರದ್ದು. ಅಕ್ಕ ಎರಡೂ ಕೈ ಎತ್ತಿದ್ದಳು, ಒಂದು ಇಳಿಸಿ ಎಂದು ಯಾರೋ ಹೇಳಬೇಕಾಯಿತು. ನನ್ನ ಮಗ ಫೋನ್ ಬಂತೆಂದು ಹೊರಗೆ ಹೋದ. ಫೋನ್ ಬಂದದ್ದು ನನಗಂತೂ ಕೇಳಲಿಲ್ಲ.

ದುಡ್ಡು ಪಾದಚಾರಿಗಳಿಗೇ ಬಂತು. ಪೂರ್ತಿಯಲ್ಲ. ಅಷ್ಟಿಷ್ಟು ಕಡಿದು, ಚೌಕಾಸಿ ಮಾಡಿ, ನಮ್ಮ ಸಾಲಿಗೆ ಫುಟ್‌ಪಾತ್, ನಡುವೆ ದಾಟು, ಎಂದು ನಿಂತಿತು. ಅಕ್ಕನ ಸಾಲಿಗೆ ಮುಂದೆ ನೋಡೋಣ ಎಂದರು. ದಾಟು ಅವಳ ಗೇಟಿಗೆ ಮುಟ್ಟುವ ಹಾಗೆ ಬಂದದ್ದರಿಂದ ನಾನು ತಕರಾರು ಮಾಡಲಿಲ್ಲ. ಸೈಕಲ್ಲಿಗೆ ಬಸ್‌ಸ್ಟಾಪಿನವರೆಗೆ ಹಸಿರು ಬಣ್ಣ ಬಳಿದುಕೊಟ್ಟರು. ಅದರ ಮೇಲೆ ಈಗ ಸ್ಕೂಟರುಗಳೂ ಹೋಗುತ್ತವೆ. ಬಾಡಿಗೆಯವರು ಹಿಂದಿನಿಂದ ಗಂಟೆ ಬಾರಿಸುತ್ತಾ, "ಸರೀರಪ್ಪಾ, ನನ್ ದಾರಿ ಇದು" ಎಂದು ಕೂಗುತ್ತಾ ಹೋಗುತ್ತಾರೆ. ಸಕ್ಕರೆಗಿಂತ ಈಗ ಬಿಪಿ ಹೆಚ್ಚಾಗಿದೆ ಎನ್ನುತ್ತಾರೆ.

ಕೆಲಸ ಶುರುವಾಗಲು ಮಳೆಗಾಲ ಕಳೆಯಬೇಕಾಯಿತು. ಅಗೆದು ಬಿಟ್ಟುಹೋದವರು ಮತ್ತೆ ಬರುವವರೆಗೆ ನಾವು ಹಲಗೆಯ ಮೇಲೆ ನಡೆದೆವು. ರ‍್ಯಾಂಪು ಒಡೆದ ದಿನ ಮಗ ಮನೆಯಲ್ಲಿರಲಿಲ್ಲ, ಬೇಕೆಂದೇ ಇರಲಿಲ್ಲ. ಅಂಗಡಿಯವರು ತಮ್ಮ ಪೈಪು ಒಳಗೆ ಸಾಗಿಸುತ್ತಾ, "ಸಮಾಧಾನ ಆಯ್ತಾ ಅಜ್ಜಿ?" ಎಂದರು. "ಇನ್ನೂ ಟ್ಯಾಂಕು ಇದ್ಯಲ್ಲಪ್ಪ" ಎಂದೆ. ಹೊಸ ರ‍್ಯಾಂಪು ಕಡಿದಾಗಿ ಕಾಂಪೌಂಡಿನೊಳಗೆ ಬಂದಿದೆ, ಕಾರಿನ ಹೊಟ್ಟೆ ಒಂದೊಂದು ಸಲ ಕೆರೆಯುತ್ತದೆ. ಕೆರೆದಾಗಲೆಲ್ಲ ಮಗ ನನ್ನ ಕಿಟಕಿಯ ಕಡೆ ನೋಡುತ್ತಾನೆ, ನಾನು ಹೂ ಕಟ್ಟುವುದರಲ್ಲಿ ಇರುತ್ತೇನೆ. ಕಲ್ಲುಬೆಂಚೂ ಒಳಗೆ ಬಂತು. ಅಲ್ಲಿ ಕೂತರೆ ಕಾಣುವುದು ಸಂಪಿನ ಮುಚ್ಚಳ ಮಾತ್ರ. ಬೆಂಚಿನ ಮೇಲೆ ಈಗ ಸೊಸೆ ಹಪ್ಪಳ ಒಣಹಾಕುತ್ತಾಳೆ. ಬೇಜಾರಿದೆ, ಇಲ್ಲ ಅನ್ನುವುದಿಲ್ಲ. ಬೀದಿಯ ಅರ್ಧ ಸುದ್ದಿ ನನಗೆ ತಿಳಿಯದೆಯೇ ಹೋಗುತ್ತಿದೆ.

ದಾಟಿಗೆ ಬಿಳಿ ಪಟ್ಟೆ ಬಳಿದು ಒಣಗಿದ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಹೊರಟೆ. ಬಸ್ಸೊಂದು ಬರುತ್ತಿತ್ತು, ಕೈ ತೋರಿಸಿದೆ, ಡ್ರೈವರು ಬೈದುಕೊಂಡೇ ನಿಲ್ಲಿಸಿದ. ಅರ್ಧ ದಾಟಿ ಕಟ್ಟೆ ಮನೆಯಲ್ಲಿ ನಿಂತೆ. ಎರಡೂ ಕಡೆ ಗಾಡಿಗಳು ಹೋದವು, ಒಂದೂ ನನ್ನನ್ನು ಹೊಡೆಯುವಂತಿರಲಿಲ್ಲ. ಸ್ವಲ್ಪ ಹೊತ್ತು ಹೆಚ್ಚಿಗೆಯೇ ನಿಂತೆ. ಆಮೇಲೆ ಇನ್ನರ್ಧ.

ಅಕ್ಕ ಪಡಸಾಲೆಯಲ್ಲಿ ಕಾಯಿ ಇಟ್ಟು ಕೂತಿದ್ದಳು. ಹೊಸ ಆಟವಲ್ಲ. ಮೊದಲ ಸಭೆಯಲ್ಲಿ ಮನೆ ಗೀರಿ, ಆಮೇಲೆ ಕಾಯಿಗಳ ಗುರುತು ಹಾಕಿಟ್ಟುಕೊಂಡಿದ್ದ ಆ ಹಾಳೆ ಪಕ್ಕಕ್ಕಿಟ್ಟುಕೊಂಡು, ಅವತ್ತು ಎಲ್ಲೆಲ್ಲಿ ಯಾವ ಕಾಯಿ ಇತ್ತೋ ಅಲ್ಲಲ್ಲೇ ನೆಲದ ಮನೆಗಳಲ್ಲಿ ಇಟ್ಟಿದ್ದಳು. ನನ್ನವು ಹುಣಿಸೆ ಬೀಜ, ಅವಳವು ಬಳೆಚೂರು. ಮೂರು ಮನೆ ಮುಂದಿದ್ದ ಅವಳ ಕಾಯಿ ಮಾತ್ರ ಅಲ್ಲಿರಲಿಲ್ಲ. ಅದು ಆರಾಮಾಗಿ ಕಟ್ಟೆ ಮನೆಯಲ್ಲಿ ಕೂತಿತ್ತು.

"ಇದು ಇಲ್ಲಿರ್ಲಿಲ್ಲ."

"ಇತ್ತು."

"ನೀವು ಅದನ್ನ ನುಂಗಿದ್ರಿ."

"ನುಂಗಿದ್ಮೇಲೆ ಮುಂದೆ ಹೋಗ್ಲೇಬೇಕಲ್ಲ ಅದು" ಎಂದಳು. ಇಷ್ಟು ತಿಂಗಳು ಮಧ್ಯಾಹ್ನ ಮಲಗಿ ಅವಳ ಬುದ್ಧಿ ಸ್ವಲ್ಪವೂ ಮೊಂಡಾಗಿರಲಿಲ್ಲ.

ಕಾಯಿ ಎತ್ತಿ ಅದರ ಜಾಗಕ್ಕೆ ಇಟ್ಟೆ. ಅವಳು ಗೊಣಗಿದಳು, ಆದರೆ ಮುಟ್ಟಲಿಲ್ಲ. ಕವಡೆ ಕೈಗೆ ತೆಗೆದುಕೊಂಡೆ.

"ಲೇ, ನೋಡೇ, ನಿನ್ ಮಗ ಕಾರು ತೆಗೀತಿದಾನೆ, ಹೊಟ್ಟೆ ಕೆರೀತು ನೋಡು" ಎಂದು ರಸ್ತೆಯ ಕಡೆ ಕೈ ತೋರಿಸಿದಳು.

ನಾನು ತಿರುಗಿ ನೋಡಲಿಲ್ಲ. ಕಣ್ಣು ಅವಳ ಬಳೆಚೂರಿನ ಮೇಲೇ ಇಟ್ಟು ಕವಡೆ ಬಿಟ್ಟೆ.

ಎರಡು ಬಿತ್ತು.

"ನಾಳೆ ಬಾ" ಎಂದು ಅಕ್ಕ ಕವಡೆ ಬಾಚಿಕೊಂಡಳು.

"ನಾಳೆ ಯಾಕೆ? ಇವತ್ತಿನ ಆಟ ಮುಗಿದಿಲ್ಲ" ಎಂದು ನಾನು ಕಾಲು ಚಾಚಿ, ಗೋಡೆಗೊರಗಿ ಕೂತೆ.